ಬುರುಡೆ ತೆರೆಯದೆ ಮಿದುಳಿನ ರಕ್ತ ಅಳೆದ ಕಥೆ

ಹಸುಗೂಸಿಗೆ ಎಣ್ಣೆ ತಿಕ್ಕಿ ನೀರು ಹಾಕುವ ಅಜ್ಜಿಯಂದಿರು ಮಗುವಿನ ನೆತ್ತಿಯ ಮೇಲೆ ಕೈಭಾರ ಬೀಳದಂತೆ ನೋಡಿಕೊಳ್ಳುತ್ತಾರೆ. ಅಲ್ಲಿ ಮೂಳೆಗಳು ಇನ್ನೂ ಕೂಡಿರುವುದಿಲ್ಲ. ಮಗು ಮಲಗಿದ್ದಾಗ ಗಮನಿಸಿ ನೋಡಿದರೆ ಆ ಮೆತ್ತನೆಯ ಜಾಗ ಮೆಲ್ಲಗೆ ಮಿಡಿಯುವುದು ಕಾಣುತ್ತದೆ. ಹೃದಯ ಒಮ್ಮೆ ಬಡಿದಾಗ ಮಿದುಳಿಗೆ ನುಗ್ಗುವ ರಕ್ತದ ಮಿಡಿತ ಅದು. ಒಂದೂವರೆ ಎರಡು ವರ್ಷದೊಳಗೆ ಅಲ್ಲಿ ಮೂಳೆ ಬೆಳೆದು ಆ ಕಿಟಕಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಮಿದುಳಿಗೆ ಎಷ್ಟು ರಕ್ತ ಹೋಗುತ್ತಿದೆ ಎಂದು ಹೊರಗಿನಿಂದ ತಿಳಿಯುವುದು ಹೇಗೆ?

ಇದು ಬರೀ ಕುತೂಹಲದ ಪ್ರಶ್ನೆಯಲ್ಲ. ದೊಡ್ಡವರ ಮಿದುಳಿನ ತೂಕ ಸುಮಾರು 1,400 ಗ್ರಾಂ. ದೇಹದ ತೂಕದಲ್ಲಿ ಅದು ನೂರಕ್ಕೆ 2 ಪಾಲು ಮಾತ್ರ. ಆದರೆ ವಿಶ್ರಾಂತಿಯಲ್ಲಿರುವಾಗ ದೇಹ ಬಳಸುವ ಆಮ್ಲಜನಕದಲ್ಲಿ ನೂರಕ್ಕೆ ಸುಮಾರು 20 ಪಾಲು ಅದಕ್ಕೇ ಬೇಕು. ಕೈಕಾಲಿನ ಸ್ನಾಯುಗಳು ಸ್ವಲ್ಪ ಹೊತ್ತು ರಕ್ತವಿಲ್ಲದೆ ತಡೆದುಕೊಳ್ಳುತ್ತವೆ. ಮಿದುಳು ತಡೆಯುವುದಿಲ್ಲ. ರಕ್ತ ಪೂರ್ತಿ ನಿಂತರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಎಚ್ಚರ ತಪ್ಪುತ್ತದೆ. ಕೆಲವೇ ನಿಮಿಷಗಳಲ್ಲಿ ಜೀವಕೋಶಗಳು ಸಾಯತೊಡಗುತ್ತವೆ.

ಈ ರಕ್ತವನ್ನು ಅಳೆಯಲು ಮನುಷ್ಯರು ಸುಮಾರು ನೂರೈವತ್ತು ವರ್ಷಗಳಿಂದ ಪ್ರಯತ್ನಿಸುತ್ತಾ ಬಂದಿದ್ದಾರೆ. ಮೊದಲು ಬುರುಡೆಯಲ್ಲಿ ತೂತು ಇದ್ದವರನ್ನು ನೋಡಿದರು. ಆಮೇಲೆ ಕುತ್ತಿಗೆಗೆ ಸೂಜಿ ಚುಚ್ಚಿದರು. ಕೊನೆಗೆ ಬರೀ ಬೆಳಕನ್ನು ಹಾಯಿಸಿ ಅಳೆದರು. ಕೇಳಿದ ಪ್ರಶ್ನೆ ಹೆಚ್ಚು ಬದಲಾಗಲಿಲ್ಲ. ಉತ್ತರ ಪಡೆಯಲು ಕೊಡಬೇಕಾದ ನೋವು ಮಾತ್ರ ಕಡಿಮೆಯಾಗುತ್ತಾ ಬಂತು. ಈ ಇತಿಹಾಸದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಇದೇ.

ಎಂಟು ಹನ್ನೆರಡ್ಲ ಎಷ್ಟು?

ಇಟಲಿಯ ಟ್ಯೂರಿನ್ ನಗರದಲ್ಲಿ ಆಂಜೆಲೊ ಮೊಸ್ಸೊ (1846-1910) ಎಂಬ ಶರೀರಶಾಸ್ತ್ರಜ್ಞರಿದ್ದರು. ಅವರು ಬಡಗಿಯೊಬ್ಬನ ಮಗ. ಕಷ್ಟದಲ್ಲಿ ಓದಿ ಪ್ರಾಧ್ಯಾಪಕರಾದವರು. 1877ರಲ್ಲಿ ಅವರ ಬಳಿಗೆ ಬೆರ್ತಿನೋ ಎಂಬ ರೈತ ಬಂದ. ತಲೆಗೆ ಬಲವಾದ ಪೆಟ್ಟು ಬಿದ್ದು ಅವನ ಬುರುಡೆಯ ಒಂದು ತುಂಡು ಹೋಗಿತ್ತು. ಗಾಯದ ಜಾಗದಲ್ಲಿ ಮಿದುಳಿನ ಮಿಡಿತ ಮೇಲಿನಿಂದಲೇ ಕಾಣುತ್ತಿತ್ತು, ಹಸುಗೂಸಿನ ನೆತ್ತಿಯ ಹಾಗೆ. ಮೊಸ್ಸೊ ಆ ಮಿಡಿತವನ್ನು ತಿರುಗುವ ಕಾಗದದ ಮೇಲೆ ಗೆರೆಯಾಗಿ ಬರೆಯುವ ಸಾಧನ ಮಾಡಿದರು. ಕೈಯ ನಾಡಿಯನ್ನೂ ಜೊತೆಯಲ್ಲೇ ದಾಖಲಿಸಿದರು.

ಒಂದು ದಿನ ಮಧ್ಯಾಹ್ನ ಚರ್ಚಿನ ಗಂಟೆ ಬಾರಿಸಿತು. ಮಿದುಳಿನ ಗೆರೆ ತಟ್ಟನೆ ಮೇಲೇರಿತು. ಕೈಯ ಗೆರೆ ಇದ್ದ ಹಾಗೆಯೇ ಇತ್ತು. "ಪ್ರಾರ್ಥನೆ ಹೇಳಬೇಕಿತ್ತು ಅನ್ನಿಸಿತೇ?" ಎಂದು ಮೊಸ್ಸೊ ಕೇಳಿದಾಗ ಗೆರೆ ಮತ್ತೊಮ್ಮೆ ಏರಿತು. ಇನ್ನೊಮ್ಮೆ ಮೊಸ್ಸೊ ಅವನಿಗೆ ನಮ್ಮ ನಾಲ್ಕನೇ ತರಗತಿಯ ಮಕ್ಕಳಿಗೆ ಕೇಳುವಂಥ ಲೆಕ್ಕ ಕೇಳಿದರು. 8ನ್ನು 12ರಿಂದ ಗುಣಿಸಿದರೆ ಎಷ್ಟು? ಪ್ರಶ್ನೆ ಕಿವಿಗೆ ಬಿದ್ದಾಗ ಒಮ್ಮೆ, ಉತ್ತರ ಹೇಳುವಾಗ ಇನ್ನೊಮ್ಮೆ ಮಿಡಿತ ಹೆಚ್ಚಾಯಿತು.

ಮನಸ್ಸು ಕೆಲಸ ಮಾಡಿದಾಗ ಮಿದುಳಿನ ರಕ್ತದಲ್ಲಿ ಬದಲಾವಣೆ ಆಗುತ್ತದೆ ಎಂಬುದಕ್ಕೆ ಕಾಗದದ ಮೇಲೆ ಸಿಕ್ಕ ಮೊದಲ ಸಾಕ್ಷಿಗಳಲ್ಲಿ ಇದೂ ಒಂದು. ಆದರೆ ಬುರುಡೆ ಸರಿಯಾಗಿರುವವರಲ್ಲಿ ನೋಡುವುದು ಹೇಗೆ? ಅದಕ್ಕಾಗಿ ಮೊಸ್ಸೊ ತಕ್ಕಡಿಯಂತೆ ತೂಗುವ ಒಂದು ಹಲಗೆ ಮಂಚವನ್ನೇ ಕಟ್ಟಿಸಿದರು. ಮನುಷ್ಯನನ್ನು ಮಲಗಿಸಿ ಎರಡೂ ಕಡೆ ಸಮತೂಕ ಮಾಡಿ ಆಮೇಲೆ ಯೋಚಿಸಲು ಹೇಳುವುದು, ತಲೆಗೆ ರಕ್ತ ಹೆಚ್ಚು ಬಂದರೆ ಮಂಚ ತಲೆಯ ಕಡೆಗೆ ವಾಲಬೇಕು ಎಂಬುದು ಅವರ ಉಪಾಯ. ಕೇಳಿದರೆ ನಗು ಬರಬಹುದು. ಆದರೆ ಚರ್ಮಕ್ಕೆ ಒಂದು ಗೀರೂ ಹಾಕದೆ ಮಿದುಳಿನ ರಕ್ತ ಅಳೆಯಬೇಕು ಎಂಬ ಆಸೆ ಆ ಮಂಚದಲ್ಲೇ ಇದೆ.

1890ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ರಾಯ್ ಮತ್ತು ಚಾರ್ಲ್ಸ್ ಶೆರಿಂಗ್ಟನ್ ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ ಇದಕ್ಕೊಂದು ಕಾರಣ ಸೂಚಿಸಿದರು. ಮಿದುಳು ಕೆಲಸ ಮಾಡುವಾಗ ಉಂಟಾಗುವ ರಾಸಾಯನಿಕಗಳೇ ಅಲ್ಲಿನ ರಕ್ತನಾಳಗಳನ್ನು ಹಿಗ್ಗಿಸುತ್ತವೆ ಎಂದರು. ಎಲ್ಲಿ ಕೆಲಸವೋ ಅಲ್ಲಿಗೆ ರಕ್ತ ಎಂಬ ಈ ಮಾತಿನ ಮೇಲೆಯೇ ಮುಂದಿನ ಎಲ್ಲ ಅಳತೆಗಳೂ ನಿಂತಿವೆ.

ತೋಡಿನ ನೀರು, ಕುತ್ತಿಗೆಯ ಸೂಜಿ

ಮೊಸ್ಸೊ ಕಂಡದ್ದು ಏರಿಳಿತವನ್ನು. ನಿಮಿಷಕ್ಕೆ ಇಷ್ಟು ಮಿಲಿಲೀಟರ್ ಎಂಬ ಲೆಕ್ಕ ಅದರಿಂದ ಸಿಗುವುದಿಲ್ಲ. ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ತೋಡಿನಲ್ಲಿ ನೀರು ಎಷ್ಟಿದೆ ಎನ್ನುವುದು ಒಂದು ಪ್ರಶ್ನೆ. ಎಷ್ಟು ಹರಿಯುತ್ತಿದೆ ಎನ್ನುವುದು ಬೇರೆಯೇ ಪ್ರಶ್ನೆ. ಕಟ್ಟ ಕಟ್ಟಿ ನಿಲ್ಲಿಸಿದಾಗ ತೋಡು ತುಂಬಿರುತ್ತದೆ, ಆದರೆ ಹರಿವು ಅಷ್ಟಕ್ಕಷ್ಟೆ. ಹರಿವು ತಿಳಿಯಬೇಕಾದರೆ ಮೇಲ್ಗಡೆ ಏನಾದರೂ ಬಣ್ಣ ಬೆರೆಸಿ, ಕೆಳಗಡೆ ಅದು ಎಷ್ಟು ಬೇಗ, ಎಷ್ಟು ತೆಳುವಾಗಿ ಬರುತ್ತದೆ ಎಂದು ನೋಡಬೇಕು. ಹೀಗೆ ರಕ್ತದ ಹರಿವನ್ನು ಲೆಕ್ಕ ಹಾಕಬಹುದು ಎಂದು 1870ರಲ್ಲೇ ಜರ್ಮನಿಯ ಅಡಾಲ್ಫ್ ಫಿಕ್ ಹೇಳಿದ್ದರು. ಒಂದು ಅಂಗಕ್ಕೆ ಎಷ್ಟು ವಸ್ತು ಸೇರಿತು, ಒಳಬರುವ ರಕ್ತದಲ್ಲಿ ಅದು ಎಷ್ಟಿತ್ತು, ಹೊರಹೋಗುವ ರಕ್ತದಲ್ಲಿ ಎಷ್ಟು ಉಳಿಯಿತು ಎಂಬುದು ಗೊತ್ತಾದರೆ ಹರಿವು ಸಿಕ್ಕಿದ ಹಾಗೆ.

ಇದನ್ನು ಮನುಷ್ಯರ ಮಿದುಳಿಗೆ ಅನ್ವಯಿಸಿದವರು ಅಮೆರಿಕದ ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸೆಮೂರ್ ಕೆಟಿ ಮತ್ತು ಕಾರ್ಲ್ ಸ್ಮಿತ್. 1945ರಲ್ಲಿ ಅವರ ವಿಧಾನ ಹೊರಬಂತು. ಅವರು ಬಳಸಿದ 'ಬಣ್ಣ' ಎಂದರೆ ನಗೆ ಅನಿಲ, ಅಂದರೆ ನೈಟ್ರಸ್ ಆಕ್ಸೈಡ್. ಅದನ್ನು ಸ್ವಲ್ಪ ಬೆರೆಸಿದ ಗಾಳಿಯನ್ನು ಹತ್ತು ನಿಮಿಷ ಉಸಿರಾಡಿಸಿ, ಕೈಯ ಅಥವಾ ಕಾಲಿನ ಅಪಧಮನಿಯಿಂದಲೂ, ಬುರುಡೆಯ ಬುಡದಲ್ಲಿ ಮಿದುಳಿನಿಂದ ರಕ್ತ ಇಳಿದುಬರುವ ಅಭಿಧಮನಿಯಿಂದಲೂ ಸೂಜಿ ಹಾಕಿ ಮತ್ತೆ ಮತ್ತೆ ರಕ್ತ ತೆಗೆದರು. 1948ರಲ್ಲಿ ಅವರು ಪ್ರಕಟಿಸಿದ ಅಳತೆಯ ಪ್ರಕಾರ ಆರೋಗ್ಯವಂತ ಯುವಕರಲ್ಲಿ 100 ಗ್ರಾಂ ಮಿದುಳಿಗೆ ನಿಮಿಷಕ್ಕೆ ಸುಮಾರು 54 ಮಿಲಿಲೀಟರ್ ರಕ್ತ ಹರಿಯುತ್ತದೆ. ಇಡೀ ಮಿದುಳಿಗೆ ಲೆಕ್ಕ ಹಾಕಿದರೆ ನಿಮಿಷಕ್ಕೆ ಮುಕ್ಕಾಲು ಲೀಟರ್!

1955ರಲ್ಲಿ ಲೂಯಿ ಸೊಕೊಲಾಫ್, ಕೆಟಿ ಮತ್ತಿತರರು ಇದೇ ವಿಧಾನದಿಂದ ಹಳೆಯ ಪ್ರಶ್ನೆಯನ್ನು ಮತ್ತೆ ಕೇಳಿದರು. ಬಾಯಿಲೆಕ್ಕ ಮಾಡುವಾಗ ಮಿದುಳಿನ ರಕ್ತ ಹೆಚ್ಚುತ್ತದೆಯೇ? ಉತ್ತರ ಬಂದದ್ದು ಇಲ್ಲ ಎಂದು. ಹಾಗಾದರೆ ಬೆರ್ತಿನೋನಲ್ಲಿ ಕಂಡದ್ದು ಸುಳ್ಳೇ? ಹಾಗೇನಿಲ್ಲ. ಕೆಟಿಯವರ ವಿಧಾನ ಕೊಡುವುದು ಇಡೀ ಮಿದುಳಿನ ಸರಾಸರಿಯನ್ನು. ಮುನ್ನೂರು ಮಕ್ಕಳ ಶಾಲೆಯಲ್ಲಿ ಇಬ್ಬರು ಮಕ್ಕಳ ಅಂಕ 40ರಿಂದ 60ಕ್ಕೆ ಏರಿದರೆ ಶಾಲೆಯ ಸರಾಸರಿಯಲ್ಲಿ ಅದು ಕಾಣುವುದೇ ಇಲ್ಲ. ಮಿದುಳಿನ ಒಂದು ಮೂಲೆಯಲ್ಲಿ ಮಾತ್ರ ಹರಿವು ಹೆಚ್ಚಿದರೆ ಅದನ್ನು ನೋಡಲು ಆ ಮೂಲೆಯನ್ನೇ ನೋಡಬೇಕು.

1960ರ ದಶಕದಲ್ಲಿ ಡೆನ್ಮಾರ್ಕಿನ ನೀಲ್ಸ್ ಲಾಸನ್ ಮತ್ತು ಸ್ವೀಡನ್ನಿನ ಡೇವಿಡ್ ಇಂಗ್ವಾರ್ ವಿಕಿರಣಶೀಲ ಅನಿಲಗಳನ್ನು ರಕ್ತಕ್ಕೆ ಸೇರಿಸಿ ಬೇರೆ ಬೇರೆ ಭಾಗಗಳ ಹರಿವನ್ನು ಅಳೆದರು. ಉತ್ತರ ಚೆನ್ನಾಗಿ ಬಂತು. ಆದರೆ ಸೂಜಿಯ ಜೊತೆಗೆ ವಿಕಿರಣವೂ ಸೇರಿಕೊಂಡಿತು. ಒಂದು ಹಸುಗೂಸಿಗೆ, ಅದರಲ್ಲೂ ದಿನ ತುಂಬದೆ ಹುಟ್ಟಿದ ಅಂಗೈಯಗಲದ ಶಿಶುವಿಗೆ, ದಿನಕ್ಕೆ ಹತ್ತು ಸಲ ಹೀಗೆ ಮಾಡಲು ಯಾರಿಗೆ ಧೈರ್ಯ ಬಂದೀತು?

ರಕ್ತದ ಬಣ್ಣ ಮತ್ತು ಕಾಣದ ಬೆಳಕು

ಇಷ್ಟರಲ್ಲಿ ಇನ್ನೊಂದು ದಾರಿ ದೂರದಲ್ಲೆಲ್ಲೋ ಬೆಳೆಯುತ್ತಾ ಬಂದಿತ್ತು. ಅದು ಬೆಳಕಿನ ದಾರಿ. ಅದನ್ನು ತಿಳಿಯಲು ನಾವು ನೂರೈವತ್ತು ವರ್ಷ ಹಿಂದಕ್ಕೆ ಹೋಗಬೇಕು.

1800ರಲ್ಲಿ ಇಂಗ್ಲೆಂಡಿನಲ್ಲಿದ್ದ ವಿಲಿಯಂ ಹರ್ಷಲ್ ಸೂರ್ಯನ ಬೆಳಕನ್ನು ಗಾಜಿನ ಪಟ್ಟಕದ ಮೂಲಕ ಹಾಯಿಸಿ, ಒಂದೊಂದು ಬಣ್ಣದ ಮೇಲೂ ಉಷ್ಣಮಾಪಕ ಇಟ್ಟು ನೋಡಿದರು. ಹರ್ಷಲ್ ಮೊದಲು ಸಂಗೀತಗಾರ, ಆಮೇಲೆ 1781ರಲ್ಲಿ ಯುರೇನಸ್ ಗ್ರಹವನ್ನು ಕಂಡುಹಿಡಿದು ಹೆಸರಾದವರು. ಕೆಂಪು ಬಣ್ಣದ ಆಚೆ, ಕಣ್ಣಿಗೆ ಏನೂ ಕಾಣದ ಜಾಗದಲ್ಲಿ ಉಷ್ಣಮಾಪಕ ಇನ್ನೂ ಹೆಚ್ಚು ಬಿಸಿ ತೋರಿಸಿತು. ಹೀಗೆ ಸಿಕ್ಕಿದ್ದು ಅವಕೆಂಪು ಕಿರಣ. ಟಿವಿ ರಿಮೋಟಿನ ತುದಿಯಿಂದ ಹೊರಡುವುದೂ ಇದೇ ಜಾತಿಯ ಬೆಳಕು. ಕೆಂಪಿಗೆ ತೀರ ಹತ್ತಿರದ ಅವಕೆಂಪೇ ನಮ್ಮ ಕಥೆಯ ನಾಯಕ.

1862ರಲ್ಲಿ ಜರ್ಮನಿಯ ಫೆಲಿಕ್ಸ್ ಹೋಪೆ-ಸೈಲರ್ ರಕ್ತದ ಬಣ್ಣ ಯಾವ ಯಾವ ಬೆಳಕನ್ನು ಹೀರುತ್ತದೆ ಎಂದು ವಿವರಿಸಿದರು. 1864ರಲ್ಲಿ ಅದಕ್ಕೆ ಹಿಮೋಗ್ಲೋಬಿನ್ ಎಂದು ಹೆಸರಿಟ್ಟರು. ಅದೇ ವರ್ಷ ಕೇಂಬ್ರಿಜ್‌ನ ಜಾರ್ಜ್ ಸ್ಟೋಕ್ಸ್ ಆಮ್ಲಜನಕ ಇರುವ ಹಿಮೋಗ್ಲೋಬಿನ್ನಿನ ಬಣ್ಣವೇ ಬೇರೆ, ಕಳೆದುಕೊಂಡದ್ದರ ಬಣ್ಣವೇ ಬೇರೆ ಎಂದು ತೋರಿಸಿದರು. 1876ರಲ್ಲಿ ಕಾರ್ಲ್ ಫೀರೋರ್ಟ್ ಬೆರಳಿಗೆ ಬಿಗಿಯಾಗಿ ಕಟ್ಟಿ ರಕ್ತ ನಿಲ್ಲಿಸಿ, ಬೆರಳಿನ ಮೂಲಕ ಹಾದುಬಂದ ಬೆಳಕನ್ನು ಪರೀಕ್ಷಿಸಿದರು. ಸಮಯ ಕಳೆದಂತೆ ಬೆಳಕಿನ ಪಟ್ಟಿ ಬದಲಾಯಿತು. ಬೆರಳು ತನ್ನಲ್ಲಿದ್ದ ಆಮ್ಲಜನಕವನ್ನು ಬಳಸಿ ಮುಗಿಸುವುದನ್ನು ಅವರು ಚರ್ಮದ ಹೊರಗಿನಿಂದಲೇ ಕಂಡರು.

ಇದನ್ನು ತರಗತಿಯಲ್ಲಿ ಮಾಡಿ ನೋಡಬಹುದು. ಕತ್ತಲೆಯ ಕೋಣೆಯಲ್ಲಿ ಮೊಬೈಲಿನ ಟಾರ್ಚಿನ ಮೇಲೆ ಬೆರಳು ಒತ್ತಿ ಹಿಡಿಯಿರಿ. ಒಳಹೋದದ್ದು ಬಿಳಿ ಬೆಳಕು, ಹೊರಬಂದದ್ದು ಕೆಂಪು. ನೀಲಿಯನ್ನೂ ಹಸಿರನ್ನೂ ಹಿಮೋಗ್ಲೋಬಿನ್ ನುಂಗಿಬಿಡುತ್ತದೆ. ಕೆಂಪು ಮತ್ತು ಅದರಾಚೆಯ ಸ್ವಲ್ಪ ಅವಕೆಂಪು ದಾಟಿ ಬರುತ್ತವೆ. ಇನ್ನೂ ಆಚೆ ಹೋದರೆ ದೇಹದಲ್ಲಿರುವ ನೀರು ಬೆಳಕನ್ನು ಹೀರತೊಡಗುತ್ತದೆ. ಹಾಗಾಗಿ ಸುಮಾರು 650ರಿಂದ 950 ನ್ಯಾನೋಮೀಟರ್ ತರಂಗಾಂತರದ ನಡುವೆ ಮಾತ್ರ ದೇಹಕ್ಕೆ ಒಂದು ಕಿರುಬಾಗಿಲು ತೆರೆದಿದೆ. ಈ ಕಿರುಬಾಗಿಲಿನ ಒಳಗೆ, 760ರ ಹತ್ತಿರ ಆಮ್ಲಜನಕ ಕಳೆದುಕೊಂಡ ಹಿಮೋಗ್ಲೋಬಿನ್ ಹೆಚ್ಚು ಬೆಳಕು ಹೀರುತ್ತದೆ. 800 ದಾಟಿದ ಮೇಲೆ ಆಮ್ಲಜನಕ ಹೊತ್ತದ್ದು ಹೆಚ್ಚು ಹೀರುತ್ತದೆ. ಎರಡು ಬಣ್ಣ ಹಾಯಿಸಿ ಎರಡರ ನಷ್ಟವನ್ನು ಹೋಲಿಸಿದರೆ ಎರಡೂ ಬಗೆಯ ಹಿಮೋಗ್ಲೋಬಿನ್ನಿನ ಲೆಕ್ಕ ಸಿಗುತ್ತದೆ.

ಬೇಡದ ಮಿಡಿತ, ಬಿಸಾಡುವ ಮೂಳೆ

1970ರ ದಶಕದಲ್ಲಿ ಎರಡು ದೇಶಗಳಲ್ಲಿ ಇಬ್ಬರು ಈ ಬಾಗಿಲನ್ನು ತಟ್ಟಿದರು.

ಒಬ್ಬರು ಜಪಾನಿನ ಎಂಜಿನಿಯರ್ ತಕುವೊ ಅವೊಯಾಗಿ (1936-2020). ನಿಹೊನ್ ಕೊಹ್ಡೆನ್ ಎಂಬ ಕಂಪೆನಿಯಲ್ಲಿದ್ದ ಅವರು ರಕ್ತಕ್ಕೆ ಬಣ್ಣ ಸೇರಿಸಿ, ಕಿವಿಯ ಹಾಲೆಯ ಮೂಲಕ ಬೆಳಕು ಹಾಯಿಸಿ, ಹೃದಯ ಎಷ್ಟು ರಕ್ತ ತಳ್ಳುತ್ತದೆ ಎಂದು ಅಳೆಯಲು ಹೊರಟಿದ್ದರು. ನಾಡಿಯ ಮಿಡಿತ ಅವರ ಗೆರೆಯನ್ನು ಮತ್ತೆ ಮತ್ತೆ ಕೆಡಿಸುತ್ತಿತ್ತು. ಅದನ್ನು ಕಳೆಯಲು ಹೋಗಿ ಅವರಿಗೆ ಹೊಳೆಯಿತು: ಮಿಡಿಯುವುದು ಅಪಧಮನಿಯ ರಕ್ತ, ಚರ್ಮ ಮತ್ತು ಮೂಳೆ ಮಿಡಿಯುವುದಿಲ್ಲ. ಹಾಗಾದರೆ ಮಿಡಿಯುವ ಬೆಳಕನ್ನಷ್ಟೇ ಲೆಕ್ಕ ಹಾಕಿದರೆ ಅಪಧಮನಿಯ ಆಮ್ಲಜನಕ ಸಿಗಬೇಕು! 1974ರಲ್ಲಿ ಅವರು ಇದನ್ನು ಜಪಾನಿನಲ್ಲಿ ಮಂಡಿಸಿದರು. ಕೋವಿಡ್ ದಿನಗಳಲ್ಲಿ ನಮ್ಮ ಮನೆಮನೆಗೂ ಬಂದ, ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಇದರ ಮೊಮ್ಮಗು. ಆ ಸಾಧನ ಲೋಕದ ಎಲ್ಲರ ಕೈಗೂ ಬಂದ 2020ರ ಏಪ್ರಿಲಿನಲ್ಲೇ ಅವೊಯಾಗಿ ತೀರಿಕೊಂಡರು.

ಇನ್ನೊಬ್ಬರು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಫ್ರಾನ್ಸ್ ಯೊಬ್ಸಿಸ್. ಜೀವಕೋಶಗಳು ಆಮ್ಲಜನಕವನ್ನು ಹೇಗೆ ಬಳಸುತ್ತವೆ ಎಂಬುದು ಅವರ ಸಂಶೋಧನೆಯ ವಿಷಯ. ಮಿದುಳನ್ನು ಬೆಳಕಿನಿಂದ ನೋಡಬೇಕಾದರೆ ಬುರುಡೆ ತೆರೆಯಲೇಬೇಕು ಎಂದು ಆಗ ಎಲ್ಲರೂ ನಂಬಿದ್ದರು. ಮೂಳೆಯ ಮೂಲಕ ಬೆಳಕು ಹೇಗೆ ಹೋದೀತು? ಯೊಬ್ಸಿಸ್ ತಮ್ಮ ಮನೆಯಲ್ಲಿ ಊಟದ ನಂತರ ಉಳಿದಿದ್ದ ಚಪ್ಪಟೆಯಾದ ದನದ ಮೂಳೆಯೊಂದನ್ನು ದೀಪಕ್ಕೆ ಹಿಡಿದು ನೋಡಿದರು. ಕೆಂಪು ಬೆಳಕು ಮೂಳೆಯನ್ನು ದಾಟಿ ಬರುತ್ತಿತ್ತು. ಕೆಂಪೇ ದಾಟುವುದಾದರೆ ಅವಕೆಂಪು ಇನ್ನೂ ಚೆನ್ನಾಗಿ ದಾಟಬೇಕಲ್ಲ!

ಬೆಕ್ಕುಗಳ ತಲೆಯಲ್ಲೂ ಮನುಷ್ಯರ ತಲೆಯಲ್ಲೂ ಅವರು ಅದನ್ನು ಪರೀಕ್ಷಿಸಿದರು. 1977ರ ಡಿಸೆಂಬರ್ 23ರ 'ಸೈನ್ಸ್' ಪತ್ರಿಕೆಯಲ್ಲಿ ಅವರ ಲೇಖನ ಬಂತು. ಬುರುಡೆ ತೆರೆಯದೆ, ಚರ್ಮ ಚುಚ್ಚದೆ, ಒಳಗಿನ ಆಮ್ಲಜನಕದ ಏರಿಳಿತವನ್ನು ಹೊರಗಿನಿಂದ ನೋಡಬಹುದು ಎಂದು ತೋರಿಸಿದ ಲೇಖನ ಅದು. ಬೆರ್ತಿನೋನ ಪರೀಕ್ಷೆ ನಡೆದು ಸರಿಯಾಗಿ ನೂರು ವರ್ಷವಾಗಿತ್ತು.

ತೊಟ್ಟಿಲ ಬಳಿಗೆ ಬಂದ ಬೆಳಕು

ಈ ಸಾಧನ ಎಲ್ಲರಿಗಿಂತ ಮೊದಲು ಬೇಕಾಗಿದ್ದುದು ದಿನ ತುಂಬದೆ ಹುಟ್ಟಿದ ಶಿಶುಗಳಿಗೆ. ಅದಕ್ಕೆ ಕಾರಣವಿತ್ತು. 1940ರ ದಶಕದಲ್ಲಿ ಇಂಥ ಶಿಶುಗಳನ್ನು ಉಳಿಸಲು ಧಾರಾಳವಾಗಿ ಆಮ್ಲಜನಕ ಕೊಡುತ್ತಿದ್ದರು. ಎಷ್ಟೋ ಮಕ್ಕಳು ಬದುಕಿದರು, ಆದರೆ ಕಣ್ಣು ಕಳೆದುಕೊಂಡರು. ಹೆಚ್ಚಾದ ಆಮ್ಲಜನಕವೇ ಕಾರಣ ಎಂದು 1950ರ ದಶಕದಲ್ಲಿ ಖಚಿತವಾಯಿತು. ಕಡಿಮೆ ಕೊಟ್ಟರೆ ಮಿದುಳಿಗೆ ಪೆಟ್ಟು, ಹೆಚ್ಚು ಕೊಟ್ಟರೆ ಕಣ್ಣಿಗೆ ಪೆಟ್ಟು. ಅಳತೆ ಇಲ್ಲದೆ ಮಾಡುವ ಉಪಕಾರ ಅಪಕಾರವಾಗಬಹುದು ಎಂಬುದಕ್ಕೆ ವೈದ್ಯಕೀಯ ಇತಿಹಾಸದಲ್ಲಿ ಇದಕ್ಕಿಂತ ದುಃಖದ ಉದಾಹರಣೆಗಳು ಕಡಿಮೆ.

ಶಿಶುವಿನ ಬುರುಡೆ ತೆಳು, ತಲೆ ಚಿಕ್ಕದು, ಕೂದಲೂ ಕಡಿಮೆ. ಬೆಳಕಿಗೆ ಇದಕ್ಕಿಂತ ಅನುಕೂಲದ ತಲೆ ಬೇರೆ ಇಲ್ಲ. 1985ರಲ್ಲಿ ಡ್ಯೂಕ್‌ನ ಜೇನ್ ಬ್ರೇಜಿ ಮತ್ತು ಸಂಗಡಿಗರು ಅವಧಿಪೂರ್ವ ಶಿಶುಗಳಲ್ಲಿ ಈ ವಿಧಾನವನ್ನು ಬಳಸಿ ಪ್ರಕಟಿಸಿದರು. 1986ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ತಂಡ 'ಲಾನ್ಸೆಟ್' ಪತ್ರಿಕೆಯಲ್ಲಿ ತನ್ನ ಅಳತೆಗಳನ್ನು ಕೊಟ್ಟಿತು. ಆ ತಂಡದಲ್ಲಿ ಶಿಶುವೈದ್ಯರಾದ ಆಸ್ಮಂಡ್ ರೆನಾಲ್ಡ್ಸ್, ಭೌತವಿಜ್ಞಾನ ಬಲ್ಲ ಡೇವಿಡ್ ಡೆಲ್ಪಿ ಮುಂತಾದವರಿದ್ದರು.

ಅವರಿಗೆ ಎರಡು ತೊಡಕುಗಳಿದ್ದವು. ಮೊದಲನೆಯದು ದಾರಿಯ ಉದ್ದ. ಹತ್ತನೇ ತರಗತಿಯಲ್ಲಿ ಬೆಳಕಿನ ಚದುರಿಕೆಯ ಪಾಠ ಓದಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮಂಜಿನಲ್ಲಿ ಬಸ್ಸಿನ ದೀಪದ ಬೆಳಕು ಹೇಗೆ ಹರಡುತ್ತದೋ ಹಾಗೆ ತಲೆಯೊಳಗೆ ಬೆಳಕು ಅಡ್ಡಾದಿಡ್ಡಿ ಚದುರುತ್ತದೆ, ನೇರವಾಗಿ ಹೋಗುವುದಿಲ್ಲ. ಅದು ನಡೆದ ದಾರಿ ಎಷ್ಟು ಎಂದು ಗೊತ್ತಿಲ್ಲದೆ ಹಿಮೋಗ್ಲೋಬಿನ್ನಿನ ಲೆಕ್ಕ ಹಾಕುವುದು ಹೇಗೆ? ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಭಾಗಕ್ಕೆ ಪಿಕೋಸೆಕೆಂಡ್ ಎನ್ನುತ್ತಾರೆ. ಅಂಥ ಕೆಲವೇ ಪಿಕೋಸೆಕೆಂಡುಗಳ ಬೆಳಕಿನ ತುಣುಕನ್ನು ಕಳಿಸಿ, ಅದು ಹೊರಬರಲು ಹಿಡಿದ ಕಾಲವನ್ನು 1988ರಲ್ಲಿ ಡೆಲ್ಪಿ ಮತ್ತು ಸಂಗಡಿಗರು ಅಳೆದರು. ಬೆಳಕು ನಡೆದ ದಾರಿ ನೇರ ದೂರದ ಐದಾರು ಪಟ್ಟು ಎಂದು ತಿಳಿಯಿತು.

ಎರಡನೆಯ ತೊಡಕು ನಾವು ತೋಡಿನಲ್ಲಿ ನೋಡಿದ್ದೇ. ಬೆಳಕು ಹೇಳುವುದು ರಕ್ತ ಎಷ್ಟಿದೆ, ಅದರ ಬಣ್ಣ ಯಾವುದು ಎಂದು. ಹರಿವು ಬೇಕಾದರೆ ಮೇಲ್ಗಡೆ 'ಬಣ್ಣ' ಬೆರೆಸಬೇಕು. ಶಿಶುವಿಗೆ ಏನನ್ನು ಬೆರೆಸುವುದು? ಇದೇ ತಂಡ 1988ರಲ್ಲಿ ಕಂಡುಕೊಂಡ ಉತ್ತರ ಬಹಳ ಸರಳ. ಆಮ್ಲಜನಕವನ್ನೇ ಬಣ್ಣವಾಗಿ ಬಳಸುವುದು! ಶಿಶು ಹೇಗೂ ಉಸಿರಾಡುತ್ತಿರುವ ಆಮ್ಲಜನಕವನ್ನು ಕ್ಷಣಕಾಲ ತುಸು ಹೆಚ್ಚಿಸಿದರು. ಅಪಧಮನಿಯ ರಕ್ತ ಒಂದಿಷ್ಟು ಹೆಚ್ಚು ಕೆಂಪಾಗುತ್ತದೆ. ಅದು ಎಷ್ಟು ಎಂದು ಪಲ್ಸ್ ಆಕ್ಸಿಮೀಟರ್ ಹೇಳುತ್ತದೆ. ಮಿದುಳಿಗೆ ಎಷ್ಟು ಬಂತು ಎಂದು ತಲೆಯ ಮೇಲಿನ ಅವಕೆಂಪು ಬೆಳಕು ಹೇಳುತ್ತದೆ. ಆ ರಕ್ತ ಮಿದುಳನ್ನು ದಾಟಿ ಹೊರಡುವ ಮೊದಲಿನ ಕೆಲವೇ ಸೆಕೆಂಡುಗಳಲ್ಲಿ ಅಳತೆ ಮುಗಿಯಬೇಕು. ಉಳಿದದ್ದು ಫಿಕ್ ಅವರ ಲೆಕ್ಕ.

1870ರ ಫಿಕ್, 1974ರ ಅವೊಯಾಗಿ, 1977ರ ಯೊಬ್ಸಿಸ್ ಮೂವರೂ ಹೀಗೆ ಒಂದು ತೊಟ್ಟಿಲ ಬಳಿ ಬಂದು ಕೂಡಿದರು. ಮಗುವನ್ನು ಎಲ್ಲಿಗೂ ಹೊತ್ತೊಯ್ಯಬೇಕಿಲ್ಲ. ಕೆಟಿ ಕುತ್ತಿಗೆಗೆ ಸೂಜಿ ಹಾಕಿ ಪಡೆದ ಅಂಥದೇ ಸಂಖ್ಯೆ ಈಗ ಮಲಗಿದ್ದಲ್ಲೇ ಸಿಕ್ಕಿತು.

ಮತ್ತೆ ಅದೇ ಲೆಕ್ಕ

1990ರ ದಶಕದ ಆರಂಭದಲ್ಲಿ ಬೆಳಕು ದೊಡ್ಡವರ ತಲೆಯ ಕಡೆಗೂ ತಿರುಗಿತು. 1993ರಲ್ಲಿ ಅಮೆರಿಕ, ಜಪಾನ್ ಮತ್ತು ಜರ್ಮನಿಯ ತಂಡಗಳು ಹೆಚ್ಚು ಕಡಿಮೆ ಒಟ್ಟಿಗೆ ತಮ್ಮ ಫಲಿತಾಂಶ ಪ್ರಕಟಿಸಿದವು. ಅಮೆರಿಕದ ತಂಡದ ಹಿರಿಯರು ಬ್ರಿಟನ್ ಚಾನ್ಸ್ (1913-2010). ಅವರು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಹಾಯಿದೋಣಿ ಸ್ಪರ್ಧೆಯ ಚಿನ್ನ ಗೆದ್ದ ವಿಜ್ಞಾನಿ! ಹಣೆಯ ಮೇಲೆ ದೀಪ ಮತ್ತು ಬೆಳಕಿನ ಗ್ರಾಹಕಗಳನ್ನು ಇಟ್ಟು ಜನರಿಗೆ ಬೇರೆ ಬೇರೆ ಕೆಲಸ ಕೊಟ್ಟರು. ಅವುಗಳಲ್ಲಿ ಬಾಯಿಲೆಕ್ಕವೂ ಇತ್ತು. ಲೆಕ್ಕ ಮಾಡುವಾಗ ಹಣೆಯ ಹಿಂದಿನ ಮಿದುಳಿನ ಭಾಗದಲ್ಲಿ ಆಮ್ಲಜನಕ ಹೊತ್ತ ರಕ್ತ ಹೆಚ್ಚುವುದು ಕಂಡಿತು. ಬೆರ್ತಿನೋಗೆ ಕೇಳಿದ ಪ್ರಶ್ನೆಯನ್ನು ಈಗ ಬುರುಡೆ ಒಡೆಯದವರಿಗೂ ಕೇಳಬಹುದಾಯಿತು.

ಆದರೂ ದೊಡ್ಡವರಲ್ಲಿ ಇದು ತೋರಿಸುವುದು ಮುಖ್ಯವಾಗಿ ರಕ್ತದ ಪ್ರಮಾಣ ಮತ್ತು ಬಣ್ಣದ ಬದಲಾವಣೆಯನ್ನು. ಹರಿವನ್ನೇ ನೇರವಾಗಿ ನೋಡುವ ದಾರಿ ಲೇಸರಿನಿಂದ ಬಂತು. ಲೇಸರ್ ಪಾಯಿಂಟರಿನ ಚುಕ್ಕೆಯನ್ನು ಗೋಡೆಯ ಮೇಲೆ ಹತ್ತಿರದಿಂದ ನೋಡಿದರೆ ಅದರಲ್ಲಿ ಮರಳು ಚೆಲ್ಲಿದಂತೆ ಸಣ್ಣ ಸಣ್ಣ ಕಾಳುಗಳು ಕಾಣುತ್ತವೆ. ಚದುರಿಸುವ ವಸ್ತು ಅಲುಗಾಡಿದರೆ ಆ ಕಾಳುಗಳೂ ಮಿನುಗುತ್ತವೆ. ತಲೆಯೊಳಗೆ ಅಲುಗಾಡುವ ವಸ್ತು ಯಾವುದು? ಓಡುವ ಕೆಂಪು ರಕ್ತಕಣಗಳು. ಅವು ಬೇಗ ಓಡಿದಷ್ಟೂ ಮಿನುಗು ಚುರುಕಾಗುತ್ತದೆ. 1995ರಲ್ಲಿ ಡೇವಿಡ್ ಬೋವಾಸ್, ಅರ್ಜುನ್ ಯೋಧ್ ಮತ್ತು ಸಂಗಡಿಗರು ಇದರ ಗಣಿತವನ್ನು ಕೊಟ್ಟರು. 2004ರಲ್ಲಿ ತುರ್ಗುತ್ ದುರ್ದುರಾನ್ ಮತ್ತು ಸಂಗಡಿಗರು, ಮನುಷ್ಯರು ಬೆರಳು ಕುಟ್ಟುವಾಗ ಮಿದುಳಿನ ಹರಿವು ಹೆಚ್ಚುವುದನ್ನು ಈ ವಿಧಾನದಿಂದ ಅಳೆದರು. ಈ ಕೆಲಸ ನಡೆದದ್ದು ಅದೇ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ, ಕೆಟಿ ಸೂಜಿಯಿಂದ ಹರಿವು ಅಳೆದ ಸುಮಾರು ಅರುವತ್ತು ವರ್ಷಗಳ ಮೇಲೆ.

ಬೆಳಕಿಗೂ ಮಿತಿ ಇದೆ

ಇಷ್ಟು ಓದಿದವರಿಗೆ ಬೆಳಕು ಎಲ್ಲವನ್ನೂ ಗೆದ್ದಿತು ಅನ್ನಿಸಬಹುದು. ಹಾಗಾಗಿಲ್ಲ, ಅದನ್ನೂ ಹೇಳಬೇಕು.

ಮೊದಲನೆಯದಾಗಿ, ಈ ಬೆಳಕು ತುಂಬಾ ಆಳಕ್ಕೆ ಹೋಗುವುದಿಲ್ಲ. ದೀಪದಿಂದ ಮೂರು ಸೆಂಟಿಮೀಟರ್ ದೂರದಲ್ಲಿ ಗ್ರಾಹಕ ಇಟ್ಟರೆ ಬಾಳೆಹಣ್ಣಿನಂತೆ ಬಾಗಿದ ದಾರಿಯಲ್ಲಿ ಬೆಳಕು ಹೋಗಿ ಬರುತ್ತದೆ. ದೊಡ್ಡವರಲ್ಲಿ ಅದು ಮುಟ್ಟುವುದು ಮಿದುಳಿನ ಹೊರಪದರವನ್ನು ಮಾತ್ರ. ನೆತ್ತಿಯ ಚರ್ಮದ ರಕ್ತವೂ ಲೆಕ್ಕದಲ್ಲಿ ಸೇರಿಕೊಂಡು ಗೊಂದಲ ಮಾಡುತ್ತದೆ. ಮಕ್ಕಳ 'ಮಿಡ್ ಬ್ರೈನ್' ಎಚ್ಚರಿಸಿ ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುತ್ತೇವೆ ಎಂದು ದುಡ್ಡು ವಸೂಲು ಮಾಡಿದ ತರಗತಿಗಳು ನಮ್ಮ ದಕ್ಷಿಣ ಭಾರತದಲ್ಲೂ ನಡೆದವು. ಆ ಮಿಡ್ ಬ್ರೈನ್ ಇರುವುದು ತಲೆಯ ನಟ್ಟನಡುವೆ. ವಿಜ್ಞಾನಿಗಳ ಬೆಳಕು ಕೂಡ ದೊಡ್ಡವರಲ್ಲಿ ಅಲ್ಲಿಗೆ ತಲುಪುವುದಿಲ್ಲ ಎಂದು ಪಾಲಕರು ತಿಳಿದಿದ್ದರೆ ಒಳ್ಳೆಯದು. ರಕ್ತ ಎಲ್ಲಿ ಹೆಚ್ಚಾಯಿತು ಎಂದು ಬೆಳಕು ಹೇಳಬಲ್ಲದು. ಮಗು ಏನು ಯೋಚಿಸುತ್ತಿದೆ, ಜಾಣನೋ ದಡ್ಡನೋ ಎಂದು ಹೇಳಲಾರದು.

ಎರಡನೆಯದು ನಮ್ಮ ಬಣ್ಣಕ್ಕೆ ಸಂಬಂಧಿಸಿದ್ದು. ಚರ್ಮದ ಕಪ್ಪು ವರ್ಣಕವಾದ ಮೆಲನಿನ್ ಕೂಡ ಬೆಳಕನ್ನು ಹೀರುತ್ತದೆ. 2020ರ ಡಿಸೆಂಬರಿನಲ್ಲಿ ಅಮೆರಿಕದ ಅಧ್ಯಯನವೊಂದು ಪ್ರಕಟವಾಯಿತು. ಪಲ್ಸ್ ಆಕ್ಸಿಮೀಟರ್ 92ರಿಂದ 96 ಎಂದು ತೋರಿಸುತ್ತಿದ್ದಾಗಲೂ ನಿಜವಾದ ಆಮ್ಲಜನಕ 88ಕ್ಕಿಂತ ಕೆಳಗೆ ಇಳಿದಿದ್ದ ಪ್ರಸಂಗಗಳು ಬಿಳಿಯ ರೋಗಿಗಳಿಗಿಂತ ಕಪ್ಪು ವರ್ಣದ ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚಾಗಿದ್ದವು. ಉಪಕರಣ ಯಾರ ಮೇಲೆ ಹೆಚ್ಚು ಪರೀಕ್ಷೆಯಾಗಿದೆಯೋ ಅವರಿಗೆ ಹೆಚ್ಚು ನಿಜ ಹೇಳುತ್ತದೆ. ಎಲ್ಲ ಬಣ್ಣದ ಚರ್ಮದ ಮೇಲೂ ಪರೀಕ್ಷಿಸಬೇಕು ಎಂದು ಕೇಳುವ ಹಕ್ಕು ನಮ್ಮ ಮಕ್ಕಳಿಗೂ ಇದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಅಳೆಯಬಹುದು, ಸರಿ. ಅಳೆದು ಚಿಕಿತ್ಸೆ ಕೊಟ್ಟರೆ ಮಕ್ಕಳು ಹೆಚ್ಚು ಬದುಕುತ್ತಾರೆಯೇ? ಇದನ್ನು ತಿಳಿಯಲು 17 ದೇಶಗಳಲ್ಲಿ 28 ವಾರ ತುಂಬುವ ಮೊದಲೇ ಹುಟ್ಟಿದ 1,601 ಶಿಶುಗಳನ್ನು ಸೇರಿಸಿ ದೊಡ್ಡ ಪರೀಕ್ಷೆ ನಡೆಯಿತು. ಅರ್ಧದಷ್ಟು ಶಿಶುಗಳಿಗೆ ಹುಟ್ಟಿದ ಮೊದಲ ಮೂರು ದಿನ ಈ ಬೆಳಕಿನ ಅಳತೆ ನೋಡಿ ಚಿಕಿತ್ಸೆ ಕೊಟ್ಟರು, ಉಳಿದವರಿಗೆ ಎಂದಿನ ಚಿಕಿತ್ಸೆ. 2023ರಲ್ಲಿ ಫಲಿತಾಂಶ ಬಂತು. ಸಾವು ಅಥವಾ ಮಿದುಳಿಗೆ ತೀವ್ರ ಹಾನಿ ಮೊದಲ ಗುಂಪಿನಲ್ಲಿ ನೂರಕ್ಕೆ 35.2, ಎರಡನೆಯದರಲ್ಲಿ ನೂರಕ್ಕೆ 34. ಅಂದರೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ.

ಹಾಗಾದರೆ ಇಷ್ಟೆಲ್ಲ ಶ್ರಮ ವ್ಯರ್ಥವೇ? ಹಾಗೆ ಹೇಳಲಾಗದು. ಉಷ್ಣಮಾಪಕ ಜ್ವರವನ್ನು ಇಳಿಸುವುದಿಲ್ಲ, ಆದರೂ ಅದಿಲ್ಲದೆ ವೈದ್ಯರಿಲ್ಲ. ಅಳತೆ ಕೈಗೆ ಬಂದಿದೆ. ಆ ಅಳತೆ ಕಂಡಾಗ ಏನು ಮಾಡಬೇಕು ಎಂಬ ಜ್ಞಾನ ಇನ್ನೂ ಬರಬೇಕಾಗಿದೆ. 1940ರ ದಶಕದಲ್ಲಿ ಒಳ್ಳೆಯದಾದೀತೆಂದು ನಂಬಿ ಆಮ್ಲಜನಕ ಕೊಟ್ಟವರು ಹೀಗೆ ಎರಡು ಗುಂಪು ಮಾಡಿ ಮೊದಲೇ ಪರೀಕ್ಷಿಸಿದ್ದರೆ ಎಷ್ಟೋ ಮಕ್ಕಳ ಕಣ್ಣು ಉಳಿಯುತ್ತಿತ್ತು. ಈ ಸಲ ಪರೀಕ್ಷಿಸಿದರು. ತಮಗೆ ಇಷ್ಟವಿಲ್ಲದ ಉತ್ತರ ಬಂದರೂ ಮುಚ್ಚಿಡದೆ ಪ್ರಕಟಿಸಿದರು. ಬೆಳಕು ಬುರುಡೆಯನ್ನು ದಾಟಿದ್ದು ಎಷ್ಟು ದೊಡ್ಡ ಸಾಧನೆಯೋ ಇದೂ ಅಷ್ಟೇ ದೊಡ್ಡದು ಎಂದು ನಾನು ತರಗತಿಯಲ್ಲಿ ಮಕ್ಕಳಿಗೆ ಹೇಳುತ್ತೇನೆ.

ವಿಜ್ಞಾನಕ್ಕೆ ದೊಡ್ಡ ಪ್ರಯೋಗಾಲಯವೇ ಬೇಕು ಎಂದು ನಮ್ಮ ಮಕ್ಕಳು ಅಂದುಕೊಳ್ಳುತ್ತಾರೆ. ಈ ಕಥೆಯಲ್ಲಿ ಬಂದ ಸಾಮಾನುಗಳನ್ನು ಒಮ್ಮೆ ನೆನಪಿಸಿಕೊಳ್ಳಿ: ಒಂದು ತೂಗುವ ಹಲಗೆ, ಮೂರು ನಾಲ್ಕು ಉಷ್ಣಮಾಪಕ, ಬೆರಳಿಗೆ ಕಟ್ಟಿದ ಒಂದು ಪಟ್ಟಿ, ಊಟ ಮುಗಿದ ಮೇಲೆ ಉಳಿದ ಒಂದು ಮೂಳೆ. ಇವುಗಳಲ್ಲಿ ಯಾವುದೂ ನಮ್ಮ ಊರಿನಲ್ಲಿ ಸಿಗದ ವಸ್ತುವಲ್ಲ.